ಎತ್ತಲು ಒಂದು, ಸಾಗಿಸಲು ಇನ್ನೊಂದು: ಬೆನ್ನಿಗೆ ಪೆಟ್ಟಾದವರಿಗಾಗಿ ಆಂಬುಲೆನ್ಸ್‌ನಲ್ಲಿ ಏನಿರಬೇಕು?

(ಆಂಬುಲೆನ್ಸ್ ನಡೆಸುವ ಸಂಘಗಳ ಪದಾಧಿಕಾರಿಗಳು, ಚಾಲಕರು ಮತ್ತು ಯುವಕ ಮಂಡಳಿಯವರು ಸೇರಿದ್ದ ಶಿರಸಿಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಸಭೆಗೆ ಕರೆದವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ದಾನಿಗಳು ಸಿಕ್ಕಿದ್ದಾರೆ. ಸ್ಪೈನ್ ಬೋರ್ಡ್ ಎಷ್ಟು ತಗೊಳ್ಳೋಣ?" ಬೆನ್ನಿಗೆ ಪೆಟ್ಟಾದವರನ್ನು ಮಲಗಿಸಿ ಕಟ್ಟುವ ಗಟ್ಟಿ ಹಲಗೆ ಅದು. ಗಾಡಿಗೊಂದು ಸಾಕು, ಉಳಿದ ದುಡ್ಡನ್ನು ಬೇರೆ ಎರಡು ಸಾಮಾನಿಗೆ ಹಾಕಿ ಅಂದೆ. ಅವರಿಗೆ ಅಷ್ಟೇನೂ ಖುಷಿಯಾದ ಹಾಗೆ ಕಾಣಲಿಲ್ಲ. ತಪ್ಪೇನಿಲ್ಲ. ಬೋರ್ಡ್ ಅಂದರೆ ಕಣ್ಣಿಗೆ ಕಾಣುವ ವಸ್ತು. ಹಳದಿಯೋ ಕಿತ್ತಳೆಯೋ ಬಣ್ಣ ಇರುತ್ತದೆ, ದಾನಿಗಳ ಹೆಸರು ಬರೆಸಲು ಜಾಗವೂ ಉಂಟು, ಹಸ್ತಾಂತರದ ಫೋಟೋದಲ್ಲಿ ಚೆನ್ನಾಗಿಯೂ ಬರುತ್ತದೆ. ಆದರೆ ಅದರ ಮೇಲೆ ಮಲಗಿ ಘಟ್ಟ ಇಳಿಯುವವನ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ.

ಮೊದಲು, ನಮ್ಮ ಉತ್ತರ ಕನ್ನಡದಲ್ಲಿ ಬೆನ್ನು ಮುರಿದುಕೊಳ್ಳುವವರು ಯಾರು? ತರಬೇತಿ ಪುಸ್ತಕಗಳಲ್ಲಿ ಯಾವಾಗಲೂ ಕಾರು ಅಪಘಾತದ ಚಿತ್ರ ಇರುತ್ತದೆ. ನಮಗೂ ಅದಕ್ಕೆ ಕೊರತೆಯಿಲ್ಲ. ಹೆದ್ದಾರಿ 66 ಇದೆ, ಅರಬೈಲ್ ಘಟ್ಟ ಇದೆ, ದೇವಿಮನೆ ಘಟ್ಟ ಇದೆ. ಆದರೆ ಘಟ್ಟದ ಮೇಲಿನವರಿಗೆ ಅಡಿಕೆ ಮರವನ್ನು ನಾನು ಹೇಳಿಕೊಡಬೇಕಾಗಿಲ್ಲ. ಜೂನ್, ಜುಲೈಯಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರಕ್ಕೆ ಪಾಚಿ ಹಿಡಿದಿರುತ್ತದೆ. ಮಳೆ ಸ್ವಲ್ಪ ಬಿಡುವು ಕೊಟ್ಟಾಗಲೇ ಹತ್ತಿ ಮುಗಿಸಬೇಕು. ಅಡಿಕೆ ಗೊನೆಯ ಕೊಯ್ಲಿನಲ್ಲಿ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ದಾಟುವಾಗ ಕೈ ತಪ್ಪುವುದೂ ಉಂಟು.

ಹಾಗೆ ಬಿದ್ದವರಲ್ಲಿ ಅನೇಕರು ನೆಲ ಮುಟ್ಟುವುದು ಕಾಲಿನ ಮೇಲೆ, ಇಲ್ಲವೇ ಕುಂಡೆಯ ಮೇಲೆ. ಪೆಟ್ಟು ಹಿಮ್ಮಡಿಯಿಂದ ಮೇಲಕ್ಕೆ ಹೋಗುತ್ತದೆ. ಎದೆಯ ಭಾಗದ ಬೆನ್ನುಮೂಳೆಗೆ ಪಕ್ಕೆಲುಬಿನ ಗೂಡಿನ ಆಸರೆ ಇದೆ, ಅದು ಅಷ್ಟಾಗಿ ಅಲ್ಲಾಡುವುದಿಲ್ಲ. ಸೊಂಟದ ಭಾಗ ಸಡಿಲ. ಈ ಗಟ್ಟಿ ಭಾಗ ಮುಗಿದು ಸಡಿಲ ಭಾಗ ಶುರುವಾಗುವ ಜಾಗದಲ್ಲೇ ಮೂಳೆ ಜಾಸ್ತಿ ಒಡೆಯುತ್ತದೆ. ಸರಿಸುಮಾರು ಕೊನೆಯ ಪಕ್ಕೆಲುಬಿನ ಮಟ್ಟ ಅಂದುಕೊಳ್ಳಿ. ಬೆನ್ನುಹುರಿ ಮುಗಿಯುವುದೂ ಅಲ್ಲೇ ಸುತ್ತಮುತ್ತ. ಅದಕ್ಕೇ, ಎತ್ತರದಿಂದ ಬಿದ್ದವನ ಹಿಮ್ಮಡಿ ಊದಿಕೊಂಡಿದ್ದರೆ ಬೆನ್ನನ್ನೂ ಅನುಮಾನಿಸಬೇಕು. ಅವನು "ಕಾಲು ಮಾತ್ರ ನೋವು" ಅಂದರೂ ಸರಿ.

ಈಗ ನಾವು ಮಾಡುವುದೇನು? ನಾಲ್ಕು ಜನ ಕೈಕಾಲು ಹಿಡಿದು ಎತ್ತುತ್ತೇವೆ. ಜೀಪಿನ ಸೀಟಿನಲ್ಲಿ ಕೂರಿಸುತ್ತೇವೆ. ಯಾರೋ ತಿಳಿದವರು ಇದ್ದರೆ ಕುತ್ತಿಗೆಗೆ ಒಂದು ಕಾಲರ್ ಹಾಕುತ್ತಾರೆ. ಮುರಿದಿರುವುದು ಸೊಂಟದ ಮೇಲೆ, ಪಟ್ಟಿ ಕಟ್ಟಿದ್ದು ಕುತ್ತಿಗೆಗೆ! ಕೂತಾಗ ಮಡಚುವುದು ಅದೇ ಒಡೆದ ಜಾಗ. ಕಾಲರ್ ಹಾಕಿದ್ದೇವೆ ಅನ್ನುವ ಸಮಾಧಾನ ಒಂದು ಉಳಿಯುತ್ತದೆ ಅಷ್ಟೇ. ಮರದಿಂದ ಬಿದ್ದವನನ್ನು ಕೂರಿಸಬೇಡಿ, ಇಡೀ ಮೈಯನ್ನು ಸಪಾಟಾಗಿ ಮಲಗಿಸಿ ಒಯ್ಯಿರಿ. ಕಾಲರ್ ವಿಚಾರ ಆಮೇಲೆ.

ಕರಾವಳಿಯಲ್ಲಿ ಕುತ್ತಿಗೆಯ ಪೆಟ್ಟಿಗೆ ಬೇರೆ ದಾರಿ ಇದೆ. ಗೋಕರ್ಣ, ಮುರ್ಡೇಶ್ವರದ ಕಡೆ ನೀರು ಎಷ್ಟು ಆಳ ಅಂತ ನೋಡದೆ ತಲೆ ಮುಂದೆ ಮಾಡಿ ಹಾರುವವರು ಇದ್ದಾರೆ. ಅಲ್ಲಿ ಪ್ಲಾಸ್ಟಿಕ್ ಬೋರ್ಡ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದು ನೀರಿನಲ್ಲಿ ತೇಲುತ್ತದೆ, ಮನುಷ್ಯನ ಅಡಿಗೆ ತೂರಿಸಿ ಹಾಗೇ ದಡಕ್ಕೆ ತರಬಹುದು. ಆದರೆ ಮುಳುಗಿ ಉಸಿರು ನಿಂತವನಿಗೆ ಮೊದಲು ಉಸಿರು ಕೊಡಿ. ಕಾಲರ್ ಹುಡುಕುತ್ತಾ ನಿಲ್ಲಬೇಡಿ. ತದಡಿ, ಬೈತಕೋಲ್ ಕಡೆ ಬೋಟಿನ ಹೊಟ್ಟೆಯೊಳಗೆ ಬಿದ್ದವನನ್ನು ಮೇಲೆತ್ತಲು ಬುಟ್ಟಿಯ ಹಾಗೆ ಸುತ್ತಲೂ ಅಂಚಿರುವ ಬಾಸ್ಕೆಟ್ ಸ್ಟ್ರೆಚರ್ ಬೇಕು. ಅದು ಗಾಡಿಗಿಂತ ಬಂದರಿನಲ್ಲೇ ಇದ್ದರೆ ಒಳ್ಳೆಯದು.

ಇನ್ನು ಬೋರ್ಡಿನ ವಿಷಯ. ಸುಮಾರು 6 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಟ್ಟಿ ಹಲಗೆ. ಮೊದಲು ಪ್ಲೈವುಡ್‌ನದು ಇತ್ತು, ಈಗ ಪ್ಲಾಸ್ಟಿಕ್. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಇದು ಆಂಬುಲೆನ್ಸ್‌ಗೆ ಬಂತು. ನಜ್ಜುಗುಜ್ಜಾದ ಕಾರಿನಿಂದ ಮನುಷ್ಯನನ್ನು ಜಾರಿಸಿ ಹೊರಗೆ ತೆಗೆಯಲು ಬಹಳ ಅನುಕೂಲ. ತೆಗೆದ ಮೇಲೆ ಅದರ ಮೇಲೇ ಕಟ್ಟಿ ಆಸ್ಪತ್ರೆವರೆಗೂ ಒಯ್ಯುವ ರೂಢಿ ಬೆಳೆಯಿತು. ಹಾಗೆ ಒಯ್ದರೆ ಬೆನ್ನುಹುರಿ ಉಳಿಯುತ್ತದೆ ಅಂತ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಸರಿ ಅನ್ನಿಸಿತು, ಮಾಡಿದರು.

1998ರಲ್ಲಿ ತುರ್ತು ಚಿಕಿತ್ಸೆಯ ವೈದ್ಯ ಮಾರ್ಕ್ ಹೌಸ್‌ವಾಲ್ಡ್ ಮತ್ತು ಸಂಗಡಿಗರು ಒಂದು ಹೋಲಿಕೆ ಪ್ರಕಟಿಸಿದರು. ಒಂದು ಕಡೆ ಮಲೇಷ್ಯಾ. ಆಗ ಅಲ್ಲಿ ಬೆನ್ನಿಗೆ ಪೆಟ್ಟಾದವರು ಯಾವ ಬೋರ್ಡೂ ಕಾಲರೂ ಇಲ್ಲದೆ ಆಸ್ಪತ್ರೆಗೆ ಬರುತ್ತಿದ್ದರು. ಇನ್ನೊಂದು ಕಡೆ ಅಮೆರಿಕದ ನ್ಯೂ ಮೆಕ್ಸಿಕೋ. ಅಲ್ಲಿ ಎಲ್ಲರನ್ನೂ ಕಟ್ಟಿಯೇ ತರುತ್ತಿದ್ದರು. ನರಕ್ಕೆ ಹಾನಿಯಾದವರ ಪ್ರಮಾಣ ನ್ಯೂ ಮೆಕ್ಸಿಕೋದಲ್ಲಿ ಶೇ. 21, ಮಲೇಷ್ಯಾದಲ್ಲಿ ಶೇ. 11. ಇದನ್ನು ಹಿಡಿದು "ಕಟ್ಟುವುದೇ ಬೇಡ" ಅಂತ ನಾನು ಹೇಳುವುದಿಲ್ಲ. ಎರಡು ದೇಶ, ಎರಡು ಬಗೆಯ ರಸ್ತೆ, ಎರಡು ಬಗೆಯ ಪೆಟ್ಟು. ತೀರಾ ಕೆಟ್ಟ ಪೆಟ್ಟಾದವರು ಮಲೇಷ್ಯಾದಲ್ಲಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿರಬಹುದು. ಆದರೆ ಕಟ್ಟಿದರೆ ಲಾಭ ಗ್ಯಾರಂಟಿ ಅನ್ನುವ ನಂಬಿಕೆ ಅಲ್ಲಿಂದ ಅಲ್ಲಾಡತೊಡಗಿತು.

ತೊಂದರೆಗಳು ಮಾತ್ರ ಸ್ಪಷ್ಟವಾಗಿ ಗೊತ್ತಿವೆ. ಏನೂ ಆಗದ ಆರೋಗ್ಯವಂತರನ್ನು ಬೋರ್ಡಿನ ಮೇಲೆ ಮಲಗಿಸಿ ನೋಡಿದ್ದಾರೆ. ಅರ್ಧ ಗಂಟೆಯಲ್ಲಿ ತಲೆಯ ಹಿಂಭಾಗ, ಸೊಂಟ ನೋಯಲು ಶುರುವಾಗುತ್ತದೆ. ನೋವಾದಾಗ ಮನುಷ್ಯ ಸುಮ್ನೆ ಇರುವುದಿಲ್ಲ, ಮಿಸುಕಾಡುತ್ತಾನೆ. ಅಲ್ಲಾಡದಿರಲಿ ಅಂತ ಕಟ್ಟಿದ್ದು, ಕಟ್ಟಿದ್ದಕ್ಕೇ ಅಲ್ಲಾಡುತ್ತಾನೆ. ಬೆನ್ನುಹುರಿಗೇ ಪೆಟ್ಟಾದವನ ಕಷ್ಟ ಇನ್ನೂ ಕೆಟ್ಟದ್ದು. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ, ಹಾಗಾಗಿ ಒತ್ತುತ್ತಿದೆ ಅಂತ ಅವನಿಗೆ ಗೊತ್ತಾಗುವುದಿಲ್ಲ. ಒತ್ತಿದ ಕಡೆ ರಕ್ತ ಓಡುವುದು ನಿಲ್ಲುತ್ತದೆ. ಒತ್ತಡದ ಹುಣ್ಣು ಆಸ್ಪತ್ರೆಯ ಹಾಸಿಗೆಯಲ್ಲಿ ಕಾಣಿಸಿಕೊಂಡರೂ ಅದರ ಮೂಲ ಆಂಬುಲೆನ್ಸ್‌ನಲ್ಲೇ ಇರಬಹುದು.

2018ರಲ್ಲಿ ಅಮೆರಿಕದ ಶಸ್ತ್ರವೈದ್ಯರ, ತುರ್ತು ವೈದ್ಯರ ಮತ್ತು ಆಂಬುಲೆನ್ಸ್ ವೈದ್ಯರ ಸಂಘಟನೆಗಳು ಸೇರಿ ಒಂದು ಹೇಳಿಕೆ ಕೊಟ್ಟವು. ಬೆನ್ನು ಅಲುಗಾಡದಂತೆ ನೋಡಿಕೊಳ್ಳಲು ಬೋರ್ಡೇ ಆಗಬೇಕೆಂದಿಲ್ಲ. ಉದ್ದಕ್ಕೆ ಎರಡು ಹೋಳಾಗುವ ಸ್ಕೂಪ್ ಸ್ಟ್ರೆಚರ್, ಗಾಳಿ ಎಳೆದರೆ ಗಟ್ಟಿಯಾಗುವ ವ್ಯಾಕ್ಯೂಮ್ ಮ್ಯಾಟ್ರೆಸ್, ಅಷ್ಟೇ ಏಕೆ, ಆಂಬುಲೆನ್ಸ್‌ನ ಮಾಮೂಲಿ ಸ್ಟ್ರೆಚರ್ ಮೇಲೆ ಸರಿಯಾಗಿ ಬೆಲ್ಟ್ ಹಾಕಿ ಮಲಗಿಸಿದರೂ ನಡೆಯುತ್ತದೆ. ಚಾಕು, ಗುಂಡಿನಂಥ ಒಳಹೊಕ್ಕ ಗಾಯಕ್ಕೆ ಇದಾವುದೂ ಬೇಡ, ಅಲ್ಲಿ ಸಮಯವೇ ಮುಖ್ಯ.

ಇದನ್ನೆಲ್ಲ ನಮ್ಮ ಜಿಲ್ಲೆಗೆ ತಂದು ನೋಡಿ. ಪೇಟೆಯಲ್ಲಿ 15 ನಿಮಿಷಕ್ಕೆ ದೊಡ್ಡಾಸ್ಪತ್ರೆ ಸಿಗುವವರಿಗೆ ಬೋರ್ಡ್ ಆದರೂ ನಡೆದೀತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ನಿಜ. ಆದರೂ ಬೆನ್ನಿನ ದೊಡ್ಡ ಆಪರೇಷನ್ ಅಂದ ಕೂಡಲೇ ನಮ್ಮ ಜನ ನೋಡುವುದು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಕಡೆಗೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕಾರವಾರದಿಂದ ಮಂಗಳೂರಿಗೆ ಸುಮಾರು 270. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು, ಸುತ್ತಿ ಬಳಸಿ ಹೋಗಬೇಕಾಯಿತು. ಹೀಗೆ ಗಂಟೆಗಟ್ಟಲೆ ದಾರಿಯಲ್ಲಿ ಗಟ್ಟಿ ಹಲಗೆ ಅಂದರೆ ಶಿಕ್ಷೆಯೇ. ನಮ್ಮಂಥ ಊರಿಗೆ ಎತ್ತುವ ಸಾಧನ ಬೇರೆ, ಸಾಗಿಸುವ ಸಾಧನ ಬೇರೆ ಆಗಿರಲೇಬೇಕು.

ಎತ್ತಲು ನನ್ನ ಆಯ್ಕೆ ಸ್ಕೂಪ್ ಸ್ಟ್ರೆಚರ್. ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ, ಆಮೇಲೆ ಕೈಯಾಡಿಸಿ ನೋಡಿ. ಉದ್ದಕ್ಕೆ ಎರಡು ಹೋಳು. ತಲೆಯ ಹತ್ತಿರ ಒಂದು ಕೊಂಡಿ, ಕಾಲಿನ ಹತ್ತಿರ ಒಂದು ಕೊಂಡಿ. ಬಿದ್ದವನ ಪಕ್ಕದಲ್ಲಿಟ್ಟು ಅವನ ಎತ್ತರಕ್ಕೆ ತಕ್ಕಂತೆ ಉದ್ದ ಮಾಡಿ ಲಾಕ್ ಮಾಡುವುದು. ಬಿಡಿಸಿ, ಎಡದಿಂದ ಒಂದು ಹೋಳು, ಬಲದಿಂದ ಇನ್ನೊಂದು ಹೋಳು ತೂರಿಸುವುದು. ಮೊದಲು ತಲೆಯ ಕೊಂಡಿ, ಆಮೇಲೆ ಕಾಲಿನ ಕೊಂಡಿ. ಟಕ್ ಅಂತ ಸದ್ದು ಬರಬೇಕು, ಬಂದ ಮೇಲೂ ಒಮ್ಮೆ ಎಳೆದು ನೋಡಬೇಕು. ಬೋರ್ಡ್ ಹಾಕಬೇಕಾದರೆ ಮನುಷ್ಯನನ್ನು ಪೂರಾ ಪಕ್ಕಕ್ಕೆ ಹೊರಳಿಸಬೇಕು, ಅದಕ್ಕೆ ಕಲಿತ ನಾಲ್ಕೈದು ಜನ ಬೇಕು. ಸ್ಕೂಪ್‌ಗೆ ಪ್ರತಿ ಬದಿಗೆ ಸುಮಾರು 10 ಡಿಗ್ರಿ ಓರೆ ಮಾಡಿದರೆ ಸಾಕು. ಒಡೆದ ಬೆನ್ನಿಗೂ ಒಡೆದ ಸೊಂಟದ ಮೂಳೆಗೂ ಇದು ದೊಡ್ಡ ವ್ಯತ್ಯಾಸ.

ತೋಟದಲ್ಲಿ ಇದಕ್ಕೊಂದು ತೊಡಕಿದೆ. ನೆಲದ ಮೇಲೆ ಸೋಗೆ, ಹಾಳೆ, ಹುಲ್ಲು. ಸ್ಕೂಪ್‌ನ ಅಂಚು ಇವನ್ನೆಲ್ಲ ಬಾಚಿಕೊಂಡು ನಡುವೆ ಸಿಕ್ಕಿಸುತ್ತದೆ, ಕೊಂಡಿ ಕೂರುವುದಿಲ್ಲ. ಅದಕ್ಕೆ ತೂರಿಸುವ ಮೊದಲು ಎರಡೂ ಬದಿ ಕೈಯಿಂದ ಸರಿಸಿ ಚೊಕ್ಕ ಮಾಡಿ. ಲುಂಗಿ, ಅಂಗಿಯ ತುದಿ, ಚರ್ಮ ಸಿಕ್ಕಿಬೀಳದ ಹಾಗೆ ನೋಡಿ. ಬಸಿಗಾಲುವೆಯಲ್ಲಿ ಬಿದ್ದವನಿಗೆ ಸ್ಕೂಪ್ ತೂರುವುದಿಲ್ಲ. ಅಲ್ಲಿಂದ ಉದ್ದಕ್ಕೆ ಜಾರಿಸಿ ತೆಗೆಯಲು ಬೋರ್ಡೇ ಬೇಕು. ಗಾಡಿಗೊಂದು ಬೋರ್ಡ್ ಇರಲಿ ಅಂದದ್ದು ಇದಕ್ಕೇ.

ಸಾಗಿಸಲು ವ್ಯಾಕ್ಯೂಮ್ ಮ್ಯಾಟ್ರೆಸ್. ಒಳಗೆ ಸಣ್ಣ ಸಣ್ಣ ಥರ್ಮೋಕೋಲ್ ಕಾಳು ತುಂಬಿದ ದೊಡ್ಡ ಚೀಲ ಇದು. ಗಾಳಿ ಇದ್ದಾಗ ಮೆತ್ತಗಿರುತ್ತದೆ. ಸ್ಕೂಪ್‌ನಿಂದ ಮನುಷ್ಯನನ್ನು ಅದರ ಮೇಲೆ ಇಳಿಸಿ, ಸ್ಕೂಪ್ ಬಿಡಿಸಿ ತೆಗೆದು, ಮ್ಯಾಟ್ರೆಸ್‌ನ ಅಂಚನ್ನು ಮೈಗೆ ಒತ್ತಿ ಹಿಡಿದು ಕೈಪಂಪಿನಿಂದ ಗಾಳಿ ಎಳೆಯಬೇಕು. ಕಾಳುಗಳು ಒಂದಕ್ಕೊಂದು ಬಿಗಿದು, ಮೈಯ ಆಕಾರಕ್ಕೇ ಗಟ್ಟಿಯಾಗುತ್ತದೆ. ಸೊಂಟದ ಹಿಂದಿನ ಟೊಳ್ಳು, ಮೊಣಕಾಲಿನ ಕೆಳಗಿನ ಟೊಳ್ಳು ಎಲ್ಲ ತುಂಬಿಕೊಳ್ಳುತ್ತದೆ. ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಬೆನ್ನು ಗೂನಾದ ಅಜ್ಜ ಅಜ್ಜಿಯರಿಗಂತೂ ಇದೇ ಸರಿ. ಅಂಥವರನ್ನು ಸಪಾಟು ಹಲಗೆಗೆ ಒತ್ತಿ ನೇರ ಮಾಡಲು ಹೋದರೆ ಇಲ್ಲದ ಮುರಿತ ನಾವೇ ಮಾಡಿದಂತೆ. ಮಳೆಯಲ್ಲಿ ನೆನೆದು ನಡುಗುವವನಿಗೆ ಬೆಚ್ಚಗೂ ಇರುತ್ತದೆ.

"ಬೆಲೆ ಎಷ್ಟು?" ಅಂತ ಹಿಂದಿನ ಸಾಲಿನಿಂದ ಕೇಳಿದರು. ಒಂದು ಮ್ಯಾಟ್ರೆಸ್‌ನ ದುಡ್ಡಿಗೆ ಹಲವು ಬೋರ್ಡ್ ಬರುತ್ತವೆ, ಅದು ನಿಜ. ಹಾಗಾಗಿ ಮೂರು ಗಾಡಿ ಇರುವ ಸಂಘ ಮೂರೂ ಗಾಡಿಗೆ ಕೊಳ್ಳಬೇಕಿಲ್ಲ. ದೂರದ ಆಸ್ಪತ್ರೆಗೆ ಹೋಗುವ ಗಾಡಿಗೆ ಒಂದು ಇರಲಿ. ಅದೂ ಆಗದಿದ್ದರೆ? ಸ್ಕೂಪ್ ಒಂದನ್ನಾದರೂ ಕೊಳ್ಳಿ. ಸ್ಕೂಪ್‌ನಿಂದ ಎತ್ತಿ, ಗಾಡಿಯ ಸ್ಟ್ರೆಚರ್‌ನ ಹಾಸಿಗೆಯ ಮೇಲೆ ಸಪಾಟಾಗಿ ಮಲಗಿಸಿ, ಸ್ಕೂಪ್ ಬಿಡಿಸಿ, ಬೆಲ್ಟ್ ಹಾಕಿ ಒಯ್ಯಿರಿ. ಒಳ್ಳೆಯ ಹಾಸಿಗೆ, ಒಳ್ಳೆಯ ಬೆಲ್ಟ್ ಇದ್ದರೆ ಇದೇನೂ ಕಡಿಮೆ ದರ್ಜೆಯ ಕೆಲಸ ಅಲ್ಲ.

ಕಾಲರ್ ಬಗ್ಗೆ ಎರಡು ಮಾತು. ಮೆತ್ತನೆಯ ಸ್ಪಂಜಿನ ಪಟ್ಟಿ ಈ ಕೆಲಸಕ್ಕೆ ಬರುವುದಿಲ್ಲ, ಗಟ್ಟಿ ಕಾಲರೇ ಬೇಕು. ಅಳತೆ ಹೊಂದಿಸಿಕೊಳ್ಳಬಹುದಾದ್ದು ಒಂದಿದ್ದರೆ ನಾಲ್ಕು ಸೈಜ್ ಇಟ್ಟುಕೊಳ್ಳುವ ತಾಪತ್ರಯ ಇಲ್ಲ. ಮಕ್ಕಳದ್ದು ಬೇರೆ ಇರಲಿ. ಅಳತೆ ತೆಗೆಯುವುದು ಬೆರಳಿನಿಂದ. ತಲೆ ನೇರ ಇರುವಾಗ ಗದ್ದದ ಮಟ್ಟದಲ್ಲಿ ಹಿಂದಕ್ಕೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಆ ಗೆರೆಯಿಂದ ಹೆಗಲಿನ ಮೇಲಿನವರೆಗೆ ನಿಮ್ಮ ಎಷ್ಟು ಬೆರಳು ಹಿಡಿಯುತ್ತದೆ? ಅಷ್ಟೇ ಬೆರಳು ಕಾಲರ್‌ನ ಗುರುತಿನಿಂದ ಗಟ್ಟಿ ಪ್ಲಾಸ್ಟಿಕ್‌ನ ಕೆಳಗಿನ ಅಂಚಿನವರೆಗೆ ಇರಬೇಕು. ಪ್ಲಾಸ್ಟಿಕ್‌ನ ಅಂಚು, ಫೋಮಿನದ್ದಲ್ಲ. ಎತ್ತರ ಜಾಸ್ತಿಯಾದರೆ ಕುತ್ತಿಗೆ ಹಿಂದಕ್ಕೆ ಚಾಚುತ್ತದೆ, ಕಡಿಮೆಯಾದರೆ ಗದ್ದ ಒಳಗೆ ಜಾರುತ್ತದೆ.

ಕಾಲರ್‌ನಿಂದ ತೊಂದರೆಯೂ ಉಂಟು. ಬಿಗಿಯಾದರೆ ಕುತ್ತಿಗೆಯ ರಕ್ತನಾಳ ಒತ್ತಿ ತಲೆಯೊಳಗಿನ ಒತ್ತಡ ಏರುತ್ತದೆ. ತಲೆಗೂ ಪೆಟ್ಟಾಗಿದ್ದರೆ ಅದು ಕೆಟ್ಟದ್ದು. ಬಾಯಿ ಪೂರಾ ತೆರೆಯಲಾಗುವುದಿಲ್ಲ. ಇನ್ನು ನಮ್ಮ ಘಟ್ಟಗಳಲ್ಲಿ ಆರೋಗ್ಯವಂತರೇ ಕಿಟಕಿಗೆ ಮುಖ ಹಾಕಿ ಕೂತಿರುತ್ತಾರೆ, ಅಂಗಾತ ಕಟ್ಟಿ ಮಲಗಿಸಿದವನಿಗೆ ವಾಂತಿ ಬಂದರೆ ಗತಿ ಏನು? ಶ್ವಾಸಕ್ಕೆ ಹೋಗುತ್ತದೆ. ಸಾಮಾನಿನ ಪಟ್ಟಿಯಲ್ಲಿ ಬಾಯಿಯೊಳಗಿನದ್ದನ್ನು ಹೀರಿ ತೆಗೆಯುವ ಸಕ್ಷನ್ ಯಂತ್ರ ಇಲ್ಲದಿದ್ದರೆ ಕಾಲರ್ ಕೊಳ್ಳುವ ಮೊದಲು ಅದನ್ನು ಕೊಳ್ಳಿ. ಬೆಲ್ಟ್‌ಗಳೂ ಎಷ್ಟು ಸರಿಯಾಗಿರಬೇಕೆಂದರೆ, ವಾಂತಿ ಬಂದ ಕೂಡಲೇ ಬೋರ್ಡ್ ಅಥವಾ ಮ್ಯಾಟ್ರೆಸ್ ಸಮೇತ ಪಕ್ಕಕ್ಕೆ ವಾಲಿಸಿದರೂ ಮೈ ಜಾರಬಾರದು. ಕಟ್ಟುವಾಗ ಮೊದಲು ಎದೆ, ಸೊಂಟ, ಕಾಲು. ತಲೆ ಕೊನೆಗೆ. ಬಿಚ್ಚುವಾಗ ತಲೆ ಮೊದಲು. ತಲೆ ಮಾತ್ರ ಕಟ್ಟಿ ಮೈ ಸಡಿಲ ಬಿಟ್ಟರೆ, ಗಾಡಿ ತಿರುಗಿದಾಗ ಇಡೀ ಮೈಯ ಭಾರ ಕುತ್ತಿಗೆಯ ಮೇಲೆ ಬೀಳುತ್ತದೆ. ಅರಬೈಲ್ ಇಳಿಯುವಾಗ ಬ್ರೇಕ್ ಹಾಕಿದರೆ ಮನುಷ್ಯ ಉದ್ದಕ್ಕೂ ಜಾರುತ್ತಾನೆ. ಅದಕ್ಕೆ ಹೆಗಲಿನ ಮೇಲಿಂದ ಬರುವ ಬೆಲ್ಟ್ ಬೇಕೇ ಬೇಕು.

ಚಾಲಕರು ಇಷ್ಟು ಜನ ಬಂದಿದ್ದೀರಿ, ಅದಕ್ಕೆ ಹೇಳುತ್ತೇನೆ. ಬೆನ್ನು ಮುರಿದವನಿಗೆ ವೇಗಕ್ಕಿಂತ ನಯವಾದ ಓಟ ಮುಖ್ಯ. ಉಸಿರು, ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ ಹತ್ತು ನಿಮಿಷ ತಡವಾದರೆ ನಡೆಯುತ್ತದೆ, ಹಂಪು ಹಾರಿಸಿದರೆ ನಡೆಯುವುದಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಮಳೆನೀರಿನ ಮೇಲೆ ಜಾರಿ ಮಗುಚಿದ್ದು ನಿಮಗೆಲ್ಲ ನೆನಪಿರುತ್ತದೆ.

ಕಾರಿನಲ್ಲಿ ಕೂತವನನ್ನು ಹೊರಗೆ ತೆಗೆಯಲು ಕೆಇಡಿ ಅಂತ ಒಂದು ಜಾಕೆಟ್ ಬರುತ್ತದೆ. ಅಂಗಡಿಯವರು ಅದನ್ನೂ ಸೇರಿಸಿ ಕೊಡಲು ನೋಡುತ್ತಾರೆ. ಸದ್ಯಕ್ಕೆ ಬೇಡ. ಹಾಕಲು ಹೊತ್ತು ಹಿಡಿಯುತ್ತದೆ, ಅಭ್ಯಾಸವೂ ಬೇಕು. ಎಚ್ಚರ ಇದ್ದು, ಕೈಕಾಲು ಆಡುತ್ತಿದ್ದು, ಹೇಳಿದ್ದು ಅರ್ಥವಾಗುವವನಾದರೆ ಕಾಲರ್ ಹಾಕಿ, "ನಿಧಾನ ನೀವೇ ಇಳೀರಿ" ಅಂದರೆ ನಾವು ಎಳೆದು ತೆಗೆಯುವುದಕ್ಕಿಂತ ಅವನ ಕುತ್ತಿಗೆ ಕಡಿಮೆ ಅಲ್ಲಾಡುತ್ತದೆ. ಇದನ್ನು ಅಳೆದೇ ನೋಡಿದ್ದಾರೆ.

ಒಬ್ಬರು ತಮ್ಮಂದಿರು ಎದ್ದು ಕೇಳಿದರು: "ನಮ್ಮೂರಿಗೆ ಗಾಡಿನೇ ಬರೂದಿಲ್ಲ ಸರ್. ಮಳೆಗಾಲದಲ್ಲಿ ಕಂಬಳಿ ಜೋಲೀಲೆ ಹೊತ್ಕಂಡು ಬರೂದು. ಆಗ ಎಂತ ಮಾಡೂದು?" ಇವತ್ತು ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆ ಇದು. ಜ್ವರದವರಿಗೆ, ಬಸುರಿಯರಿಗೆ ಜೋಲಿ ನಮ್ಮ ಹಿರಿಯರು ಕಂಡುಕೊಂಡ ಉಪಾಯ, ಅದನ್ನು ಹೀಗಳೆಯುವುದಿಲ್ಲ. ಆದರೆ ಜೋಲಿಯಲ್ಲಿ ಬೆನ್ನು ಬಿಲ್ಲಾಗುತ್ತದೆ. ಮರದಿಂದ ಬಿದ್ದವನಿಗೆ ಆಗಬಾರದ್ದು ಅದೊಂದೇ.

ತೋಟದಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಇರುತ್ತದಲ್ವಾ? ಆಳುದ್ದದ ಎರಡು ಗಟ್ಟಿ ಗಳು ತೆಗೆದುಕೊಂಡು, ಅಡ್ಡಕ್ಕೆ ದಬ್ಬೆ ಒತ್ತೊತ್ತಾಗಿ ಬಿಗಿದು ಕಟ್ಟಿ, ಮೇಲೆ ಕಂಬಳಿ ಮಡಚಿ ಹಾಸಿ. ಸಿಬಿರು ಏಳದ ಹಾಗೆ ನಯ ಮಾಡಿ. ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬೇಕು ಅಂತಾದರೆ ಅಗಲ ಒಂದೂವರೆ ಅಡಿಗಿಂತ ಜಾಸ್ತಿ ಬೇಡ, ಇಲ್ಲದಿದ್ದರೆ ಹೊತ್ತವರ ಕಾಲು ಹೊರಗೆ ಬೀಳುತ್ತದೆ. ಇದನ್ನು ಯಾರಾದರೂ ಬಿದ್ದ ದಿನ ಕಟ್ಟಲು ಕೂರಬೇಡಿ. ಬೇಸಿಗೆಯಲ್ಲೇ ಕಟ್ಟಿ, ಒಬ್ಬರನ್ನು ಮಲಗಿಸಿ ಹೊತ್ತು ನೋಡಿ, ಯಾರದಾದರೂ ಕೊಟ್ಟಿಗೆಯ ಅಟ್ಟದ ಮೇಲೆ ಇಡಿ. ಬಿದ್ದ ದಿನ 108ಕ್ಕೆ ಫೋನ್ ಮಾಡಿ, ಗಾಡಿ ಎಲ್ಲಿವರೆಗೆ ಬರುತ್ತದೆ ಕೇಳಿಕೊಂಡು, ಅಲ್ಲಿವರೆಗೆ ಇದರಲ್ಲಿ ತನ್ನಿ. ಎತ್ತುವ ಮೊದಲು ಒಬ್ಬರು ತಲೆಯ ಹತ್ತಿರ ಕೂತು ಎರಡೂ ಕೈಯಲ್ಲಿ ತಲೆ ಹಿಡಿಯಬೇಕು, "ಎತ್ತಿ" ಅನ್ನುವುದು ಅವರೊಬ್ಬರೇ. ಕೇಸು ಗೀಸು ಅಂತ ಹೆದರಬೇಡಿ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ.

ಕೊಂಡ ಮೇಲಿನ ಆರೈಕೆ. ಕಾರವಾರ, ಅಂಕೋಲಾ ಕಡೆಯವರಿಗೆ ಉಪ್ಪುಗಾಳಿ ಗೊತ್ತೇ ಇದೆ. ಕಬ್ಬಿಣದ ಬಕಲ್ ತುಕ್ಕು ಹಿಡಿದು ಬೇಕಾದಾಗ ತೆರೆಯುವುದಿಲ್ಲ. ಪ್ಲಾಸ್ಟಿಕ್ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್‌ದೇ ಕೇಳಿ. ಸ್ಕೂಪ್‌ನ ಕೊಂಡಿಯಲ್ಲಿ ಮರಳು ಕೂರುತ್ತದೆ, ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ರಕ್ತ ತಾಗಿದ್ದರೆ ಶೇ. 1ರ ಹೈಪೋಕ್ಲೋರೈಟ್ ಹಾಕಿ ಹತ್ತು ನಿಮಿಷ ಬಿಟ್ಟು, ಆಮೇಲೆ ನೀರು ಹಾಕಿ ಚೆನ್ನಾಗಿ ತೊಳೆಯಿರಿ. ತೊಳೆಯದೆ ಬಿಟ್ಟರೆ ಲೋಹವನ್ನು ಅದೇ ತಿನ್ನುತ್ತದೆ. ತಲೆಯ ಎರಡೂ ಬದಿಗೆ ಇಡುವ ಹೆಡ್ ಬ್ಲಾಕ್‌ನ ಮೇಲ್ಪದರ ಹರಿದಿದ್ದರೆ ಎಸೆಯಿರಿ, ಒಳಗೆ ಹೀರಿದ ರಕ್ತ ಹೋಗುವುದಿಲ್ಲ. ಮರದ ಹಳೇ ಬೋರ್ಡಿಗೂ ಅದೇ ಮಾತು. ಮ್ಯಾಟ್ರೆಸ್ ಸರಿಯಿದೆಯೇ ನೋಡಲು ರಾತ್ರಿ ಗಾಳಿ ತೆಗೆದು ಗಟ್ಟಿ ಮಾಡಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಎಲ್ಲೋ ತೂತು. ಮುಳ್ಳಿನ ನೆಲದ ಮೇಲೆ ನೇರವಾಗಿ ಹಾಸಬೇಡಿ, ಅಡಿಗೊಂದು ದಪ್ಪ ತಾಡಪಾಲು ಇರಲಿ. ಇನ್ನೊಂದು, ಆರ್ಡರ್ ಕೊಡುವ ಮೊದಲು ನಿಮ್ಮ ಗಾಡಿಯೊಳಗೆ ಟೇಪ್ ಹಿಡಿದು ಅಳೆಯಿರಿ. ಸಣ್ಣ ವ್ಯಾನ್‌ಗಳಲ್ಲಿ ಉದ್ದ ಮಾಡಿದ ಸ್ಕೂಪ್ ಇಟ್ಟರೆ ಹಿಂದಿನ ಬಾಗಿಲು ಹಾಕಲು ಬರುವುದಿಲ್ಲ.

ಬೋರ್ಡ್, ಸ್ಕೂಪ್‌ಗಳು ದೂರದ ಆಸ್ಪತ್ರೆಯಲ್ಲೇ ಉಳಿದುಹೋಗುತ್ತವೆ ಅನ್ನುವ ದೂರು ಎಲ್ಲ ಕಡೆ ಇದೆ. ಸಂಘದ ಹೆಸರು, ಫೋನ್ ನಂಬರ್ ದೊಡ್ಡದಾಗಿ ಪೇಂಟ್ ಮಾಡಿಸಿ. ತುರ್ತು ವಿಭಾಗದ ಸಿಸ್ಟರ್ ಹತ್ತಿರ, "ಬೆಡ್‌ಗೆ ಹಾಕಿದ ಮೇಲೆ ಇದನ್ನ ತೆಗೀಬಹುದಾ ಮೇಡಂ?" ಅಂತ ಕೇಳಿ ನಿಲ್ಲಿ. ಆಸ್ಪತ್ರೆ ತಲುಪಿದ ಮೇಲೆ ಆದಷ್ಟು ಬೇಗ ಗಟ್ಟಿ ಹಲಗೆಯಿಂದ ಇಳಿಸುವುದು ರೋಗಿಗೂ ಒಳ್ಳೆಯದು, ನಿಮ್ಮ ಸಾಮಾನೂ ನಿಮ್ಮ ಜೊತೆ ಬರುತ್ತದೆ.

ಇನ್ನು ಕೈ ಪಳಗಿಸಿಕೊಳ್ಳುವುದು ಈ ಸಭಾಭವನದ ಟೈಲ್ಸ್ ಮೇಲೆ ಆಗುವುದಿಲ್ಲ. ಮಳೆ ಹಿಡಿಯುವ ಮೊದಲು ತೋಟದಲ್ಲೇ ಒಂದು ದಿನ ಇಟ್ಟುಕೊಳ್ಳೋಣ. ಯಾರ ತೋಟ, ಮಲಗುವವರು ಯಾರು ಅಂತ ನೀವು ತೀರ್ಮಾನಿಸಿ ತಿಳಿಸಿ. ಸ್ಕೂಪ್, ಮ್ಯಾಟ್ರೆಸ್ ಎರಡೂ ನಾನು ತರುತ್ತೇನೆ.